ಕಡ್ಡಿ ಆಡಿಸುವ ಕುಲ

2022ರ ಜುಲೈ 1ರಂದು ಭಾರತ ಸರ್ಕಾರ ಇಯರ್ ಬಡ್ಸ್ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ಆ ಪಟ್ಟಿಯಲ್ಲಿ ಬಲೂನಿನ ಕಡ್ಡಿ, ಬಾವುಟ, ಐಸ್‌ಕ್ರೀಂ ಕಡ್ಡಿ ಎಲ್ಲಕ್ಕಿಂತ ಮೊದಲು ಕೂತಿದ್ದದ್ದು ಪ್ಲಾಸ್ಟಿಕ್ ಕಡ್ಡಿಯ ಬಡ್ಸೇ. ಸುದ್ದಿ ಓದಿದ ಕಿವಿ-ಮೂಗು-ಗಂಟಲು ವೈದ್ಯರು ಕ್ಷಣಕಾಲ ಖುಷಿಪಟ್ಟಿರಬೇಕು. ಕಾರಣ ಓದಿ ಸುಮ್ಮನಾಗಿರಬೇಕು. ಸರ್ಕಾರಕ್ಕೆ ಚಿಂತೆಯಿದ್ದದ್ದು ಚರಂಡಿಯದ್ದು, ಸಮುದ್ರದ್ದು, ಮಣ್ಣಿನದ್ದು, ನಿಮ್ಮ ಕಿವಿಯದ್ದಲ್ಲ. ಅಂಗಡಿಯ ಅದೇ ಗೂಡಿಗೆ ಕಾಗದದ ಕಡ್ಡಿ, ಬಿದಿರಿನ ಕಡ್ಡಿ ಬಂದು ಕೂತವು. ಈಗ ನಾವು ಪರಿಸರಕ್ಕೆ ಎಳ್ಳಷ್ಟೂ ಹಾನಿಯಾಗದಂತೆ ಕಿವಿಯ ತಮಟೆ ತೂತು ಮಾಡಿಕೊಳ್ಳಬಹುದು.

ಬಡ್ಸ್ ಡಬ್ಬಿಯ ಹಿಂಬದಿಯನ್ನು ಓದಿದವರು ಕಡಿಮೆ. ಕಿವಿಯ ಒಳನಾಳಕ್ಕೆ ಹಾಕಬೇಡಿ ಎಂದು ತಯಾರಿಸಿದವರೇ ಅಚ್ಚು ಹಾಕಿಸಿರುತ್ತಾರೆ. ಸಿಗರೇಟಿನ ಪ್ಯಾಕಿನ ಮೇಲೂ ಎಚ್ಚರಿಕೆ ಇರುತ್ತದೆ, ನಿಜ. ಆದರೆ ‘ಇದು ಸೇದಲಿಕ್ಕಲ್ಲ, ಬೆರಳ ನಡುವೆ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳಲಿಕ್ಕೆ ಮಾತ್ರ’ ಎಂದು ಬರೆದು ಸಿಗರೇಟು ಮಾರುವ ಧೈರ್ಯ ಯಾವ ಕಂಪನಿಗೂ ಬಂದಿಲ್ಲ. ಬಡ್ಸ್ ಕಂಪನಿಗಳಿಗೆ ಆ ಧೈರ್ಯವಿದೆ. ಕೊಳ್ಳುವವನು ಯಾತಕ್ಕೆ ಕೊಳ್ಳುತ್ತಾನೆಂದು ಮಾರುವವನಿಗೆ ಗೊತ್ತು, ಮಾರುವವನು ಏನು ಬರೆದಿದ್ದಾನೆಂದು ಕೊಳ್ಳುವವನಿಗೆ ಬೇಕಾಗಿಲ್ಲ. ವ್ಯಾಪಾರ ಸುಸೂತ್ರ.

ಈ ವ್ಯಾಪಾರ ಶುರುವಾದದ್ದೂ ಮನೆಮದ್ದಿನಿಂದಲೇ. 1923ರಲ್ಲಿ ಅಮೆರಿಕದಲ್ಲಿ ಲಿಯೋ ಗೆರ್ಸ್ಟೆನ್‌ಜಾಂಗ್ ಎಂಬಾತನ ಹೆಂಡತಿ ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ ಮಗುವನ್ನು ಒರೆಸುತ್ತಿದ್ದಳಂತೆ. ಯಾವ ಗಂಡನಾದರೂ ‘ಕಡ್ಡಿ ಚುಚ್ಚೀತು ಕಣೆ’ ಎಂದು ಸುಮ್ಮನಾಗುತ್ತಿದ್ದ. ಈತ ಕಂಪನಿ ಕಟ್ಟಿದ. 1926ರಲ್ಲಿ ಅದಕ್ಕೆ ಕ್ಯೂ-ಟಿಪ್ಸ್ ಎಂಬ ಹೆಸರು ಸೇರಿತು. ಕ್ಯೂ ಎಂದರೆ ಕ್ವಾಲಿಟಿ. ಮಗುವಿನ ಮೈ ಒರೆಸಲು ಹುಟ್ಟಿದ ವಸ್ತು ದೊಡ್ಡವರ ಕಿವಿ ಹೊಕ್ಕು ನೂರು ವರ್ಷವಾಗುತ್ತ ಬಂತು, ಇನ್ನೂ ಹೊರಗೆ ಬಂದಿಲ್ಲ.

ಕಿವಿ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ ಎಂಬುದು ವೈದ್ಯಕೀಯದ ಅತ್ಯಂತ ನೀರಸ ಸತ್ಯಗಳಲ್ಲಿ ಒಂದು. ಅದಕ್ಕೇ ಅದು ಯಾರ ಕಿವಿಗೂ ಬೀಳುವುದಿಲ್ಲ. ಹೊರಗಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಅಲ್ಲಿರುವ ಗ್ರಂಥಿಗಳ ಜಿಡ್ಡು, ಉದುರಿದ ಚರ್ಮ, ಕೂದಲು, ಧೂಳು ಸೇರಿ ಆಗುವ ಪಾಕ ಅದು. ಆ ನಾಳದ ಚರ್ಮಕ್ಕೆ ಮೈಯ ಬೇರೆ ಚರ್ಮಕ್ಕಿಲ್ಲದ ಒಂದು ಗುಣವಿದೆ: ತಮಟೆಯ ನಡುವಿನಿಂದ ಹೊರಟು, ಉಗುರು ಬೆಳೆಯುವಷ್ಟು ನಿಧಾನವಾಗಿ, ಬಾಗಿಲಿನ ಕಡೆಗೆ ಸರಿಯುತ್ತಲೇ ಇರುತ್ತದೆ. ಮೇಲಿರುವ ಗುಗ್ಗೆಯನ್ನೂ ಹೊತ್ತು ತರುತ್ತದೆ. ಟೆಂಡರ್ ಕರೆಯದೆ, ಗುತ್ತಿಗೆದಾರನ ಬಿಲ್ಲು ಬಾಕಿ ಇಡದೆ, ಬೆಳಿಗ್ಗೆ ಹಾಡು ಹಾಕಿಕೊಂಡು ಗಾಡಿ ಓಡಿಸದೆ, ಒಳಗಿನ ಕಸವನ್ನು ತಾನಾಗಿ ಬಾಗಿಲಿಗೆ ತಂದಿಡುವ ಇಂಥ ನಗರಪಾಲಿಕೆ ರಾಜ್ಯದಲ್ಲಿ ಇನ್ನೊಂದಿಲ್ಲ. ನಾಗರಿಕರಾದ ನಾವು ಏನು ಮಾಡುತ್ತೇವೆ? ಬಾಗಿಲಿಗೆ ಬಂದ ಕಸವನ್ನು ಕಡ್ಡಿ ಹಿಡಿದು ಮತ್ತೆ ನಡುಮನೆಗೆ ತಳ್ಳುತ್ತೇವೆ. ಆಮೇಲೆ ಪಾಲಿಕೆ ಸರಿಯಿಲ್ಲ ಎಂದು ದೂರುತ್ತೇವೆ. ತಮಟೆಯ ಹತ್ತಿರ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ವೈದ್ಯರಿಗೆ ನೋಡಿದೊಡನೆ ಅನುಮಾನ ಬರುತ್ತದೆ: ಅದು ತಾನಾಗಿ ನಡೆದುಹೋಗಿ ಕೂತದ್ದಲ್ಲ, ಯಾರೋ ನೂಕಿದ್ದು. ಆರೋಪಿ ಸಾಮಾನ್ಯವಾಗಿ ಎದುರಿಗೇ ಕೂತಿರುತ್ತಾನೆ.

ಗುಗ್ಗೆ ಕೊಳೆಯೂ ಅಲ್ಲ. ತುಸು ಹುಳಿಯಾದ, ಜಿಡ್ಡಿನ ಈ ಲೇಪ ನೀರನ್ನು ತಡೆಯುತ್ತದೆ, ಬ್ಯಾಕ್ಟೀರಿಯಾ ಮತ್ತು ಬೂಷ್ಟನ್ನು ಹತ್ತಿರ ಬಿಡುವುದಿಲ್ಲ, ಒಳಗೆ ನುಗ್ಗುವ ಹುಳುವನ್ನು ಅಂಟಿಸಿ ಹಿಡಿಯುತ್ತದೆ. ಇಷ್ಟು ಕೆಲಸ ಮಾಡಿಯೂ ಬೈಗುಳ ಅದಕ್ಕೇ. ಮೇಷ್ಟ್ರು ಹೇಳಿದ್ದು ಹುಡುಗ ಕೇಳದಿದ್ದರೆ, ‘ಕಿವಿಯಲ್ಲಿ ಗುಗ್ಗೆ ತುಂಬಿದೆಯೇನೋ?’ ಗಂಡ ಮಾರುಕಟ್ಟೆಯಿಂದ ಕೊತ್ತಂಬರಿ ಬದಲು ಪುದೀನ ತಂದರೂ ಅದೇ ಪ್ರಶ್ನೆ. ಇವರಿಬ್ಬರ ಕಿವಿಯೂ ಸಾಮಾನ್ಯವಾಗಿ ಸ್ವಚ್ಛವಾಗಿರುತ್ತದೆ ಎಂಬುದು ಬೇರೆ ಮಾತು.

ಇನ್ನೊಂದು ಸಂಗತಿ. ದವಡೆ ಆಡಿದಾಗಲೆಲ್ಲ ನಾಳದ ಗೋಡೆ ಅಲುಗಿ ಗುಗ್ಗೆ ಹೊರಗೆ ಜರಗಲು ನೆರವಾಗುತ್ತದೆ. ತಿನ್ನುವುದು, ಆಕಳಿಸುವುದು, ಹರಟುವುದು ಎಲ್ಲವೂ ಕರ್ಣಶುದ್ಧಿಯೇ. ಈ ಲೆಕ್ಕದಲ್ಲಿ ಟಿವಿ ಚರ್ಚೆಗೆ ಕೂರುವ ವಕ್ತಾರರ ಕಿವಿ ದೇಶದಲ್ಲೇ ಪರಮ ಶುದ್ಧವಾಗಿರಬೇಕು. ಅವರಿಗೆ ಎದುರಿನವರ ಮಾತು ಏಕೆ ಕೇಳಿಸುವುದಿಲ್ಲ ಎಂಬುದಕ್ಕೆ ವಿಜ್ಞಾನ ಬೇರೆ ಕಾರಣ ಹುಡುಕಬೇಕು.

ಹಾಗಾದರೆ ಕಡ್ಡಿ ಯಾತಕ್ಕೆ? ಯಾರೂ ಬಾಯಿಬಿಟ್ಟು ಹೇಳದ ಉತ್ತರ: ಸುಖಕ್ಕೆ. ಮೆದುಳಿನಿಂದ ಇಳಿದು ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿಯ ನಾಳದ ಚರ್ಮಕ್ಕೂ ಬರುತ್ತದೆ. ಆರ್ನಾಲ್ಡನ ನರ ಎಂದು ಅದಕ್ಕೆ ಹೆಸರು. ಕೆಲವರಿಗೆ ಕಿವಿಗೆ ಕಡ್ಡಿ ಹಾಕಿದೊಡನೆ ಕೆಮ್ಮು ಬರುವುದು ಅದರಿಂದಲೇ. ಉಳಿದವರಿಗೆ ಏನಾಗುತ್ತದೆಂದು ತಿಳಿಯಲು ಸಿಗ್ನಲ್ಲಿನಲ್ಲಿ ನಿಂತ ಬೈಕಿನವನನ್ನು ನೋಡಬೇಕು. ಕೆಂಪು ದೀಪ ಹತ್ತುತ್ತದೆ, ಕೀಗೊಂಚಲಿನ ಇನ್ನೊಂದು ಕೀಲಿ ಕಿವಿ ಸೇರುತ್ತದೆ, ಕಣ್ಣು ಅರೆಮುಚ್ಚುತ್ತವೆ, ಬಾಯಿ ಒಂದು ಪಕ್ಕಕ್ಕೆ ಜಾರುತ್ತದೆ. ಹಿಂದಿನವರು ಹಾರ್ನ್ ಹೊಡೆಯುವವರೆಗೆ ಆತ ಈ ಲೋಕದಲ್ಲಿರುವುದಿಲ್ಲ. ಮನೆಯೊಳಗೆ ಬಂದರೆ ಹೇರ್‌ಪಿನ್ನು, ಸೇಫ್ಟಿ ಪಿನ್ನು, ಊದುಬತ್ತಿ ಉರಿದು ಉಳಿದ ಕಡ್ಡಿ, ಪೆನ್ನಿನ ಕ್ಯಾಪು, ತೆಂಗಿನ ಗರಿಯ ಕಡ್ಡಿ. ಬೆಂಕಿಕಡ್ಡಿಯ ವಿಷಯದಲ್ಲಂತೂ ಎರಡು ಪಂಥಗಳಿವೆ, ಮದ್ದಿನ ತುದಿಯವರು ಮತ್ತು ಬರಿ ತುದಿಯವರು. ಎರಡೂ ಪಂಥದವರು ಕೊನೆಗೆ ಒಂದೇ ಡಾಕ್ಟರ ಬಳಿ ಹೋಗುತ್ತಾರೆ.

ಇದು ಇಂದು ನಿನ್ನೆಯ ಚಟವಲ್ಲ. ಹರಪ್ಪಾದಲ್ಲಿ ಒಂದೇ ಉಂಗುರಕ್ಕೆ ಪೋಣಿಸಿದ ತಾಮ್ರದ ಸಣ್ಣ ಉಪಕರಣಗಳು ಸಿಕ್ಕಿವೆ, ಅದರಲ್ಲಿ ಒಂದು ಕಿವಿ ಕೆರೆಯುವ ಸೌಟು. ಆ ಜನರ ಲಿಪಿಯನ್ನು ಓದಲು ಪಂಡಿತರು ಒಂದು ಶತಮಾನದಿಂದ ಹೆಣಗುತ್ತಿದ್ದಾರೆ, ಆಗಿಲ್ಲ. ಈ ಸೌಟು ಯಾತಕ್ಕೆಂದು ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಬೆಳ್ಳಿಯದ್ದೊಂದು ಇಂಥದೇ ಕಡ್ಡಿ ತಾಳಿಯ ಡಬ್ಬಿಯಲ್ಲೋ ದೇವರ ಪೆಟ್ಟಿಗೆಯಲ್ಲೋ ಇರುತ್ತದೆ. ತಾತನ ಕಿವಿಯಲ್ಲಿ ಆಡಿದ್ದು ಮೊಮ್ಮಗನ ಕಿವಿಗೂ ಬರುತ್ತದೆ. ಆಸ್ತಿ ಪಾಲಾದರೂ ಇದು ಪಾಲಾಗುವುದಿಲ್ಲ.

ಜಪಾನಿನವರು ಇದನ್ನು ಕಲೆಯ ಮಟ್ಟಕ್ಕೇರಿಸಿದ್ದಾರೆ. ಅಲ್ಲಿ ಬಿದಿರಿನ ಮಿಮಿಕಾಕಿ ಕಡ್ಡಿ ಇದೆ, ಮಡಿಲಲ್ಲಿ ತಲೆಯಿಟ್ಟು ಮಲಗಿ ಕಿವಿ ತೆಗೆಸಿಕೊಳ್ಳುವ ಅಂಗಡಿಗಳೂ ಇವೆ. ಅವರಿಗೊಂದು ಅನುಕೂಲವೂ ಉಂಟು. ಗುಗ್ಗೆ ಒಣ ಹೊಟ್ಟಿನಂತಿರಬೇಕೋ ಅಂಟಂಟಾಗಿರಬೇಕೋ ಎಂಬುದನ್ನು ಎಬಿಸಿಸಿ11 ಎಂಬ ಒಂದೇ ಜೀನ್ ನಿರ್ಧರಿಸುತ್ತದೆಂದು 2006ರಲ್ಲಿ ಜಪಾನಿನ ಸಂಶೋಧಕರೇ ತೋರಿಸಿದರು. ಪೂರ್ವ ಏಷ್ಯಾದವರಿಗೆ ಹೆಚ್ಚಾಗಿ ಒಣದು, ಆಫ್ರಿಕಾ ಮತ್ತು ಯುರೋಪಿನವರಿಗೆ ಹೆಚ್ಚಾಗಿ ಅಂಟಿನದು, ನಮ್ಮಲ್ಲಿ ಎರಡೂ. ಕಂಕುಳ ವಾಸನೆಯನ್ನು ನಿರ್ಧರಿಸುವುದೂ ಅದೇ ಜೀನ್. ಮದುವೆಗೆ ಮುಂಚೆ ಜಾತಕ ನೋಡುವವರು ಇನ್ನು ಮುಂದೆ ಇದನ್ನೂ ಗಮನಿಸಬಹುದು.

ಈಗ ಮನೆಮದ್ದಿಗೆ ಬರೋಣ. ಮನೆಯಲ್ಲಿ ಯಾರಾದರೂ ‘ಕಿವಿ ಯಾಕೋ ಗುಂಯ್ ಅಂತಿದೆ’ ಎಂದರೆ ಸಾಕು, ಅಧಿವೇಶನ ಶುರು.

“ಹರಳೆಣ್ಣೆ ಬಿಡ್ರೇ ಎರಡು ತೊಟ್ಟು. ನಮ್ಮ ಕಾಲ್ದಲ್ಲಿ ಡಾಕ್ಟ್ರು ಎಲ್ಲಿದ್ರು?” ಇದು ಅಜ್ಜಿ.

“ಹರಳೆಣ್ಣೆ ಅಂಟು ಕಣತ್ತೆ. ಕೊಬ್ಬರಿ ಎಣ್ಣೆಗೆ ಎರಡೆಸಳು ಬೆಳ್ಳುಳ್ಳಿ ಹಾಕಿ ಕಾಯಿಸಿ ಬಿಡ್ಬೇಕು.” ಇದು ಅಮ್ಮ.

“ಅತ್ತಿಗೆ, ಸಾಸಿವೆ ಎಣ್ಣೆ ಅತ್ತಿಗೆ. ಉತ್ತರದ ಕಡೆಯವ್ರೆಲ್ಲ ಅದನ್ನೇ ಬಿಡೋದು. ಅವರ ಕಿವಿ ನೋಡಿ ಹೇಗಿರುತ್ತೆ!” ಇದು ಚಿಕ್ಕಪ್ಪ. ಅವರು ಯಾರ ಕಿವಿಯನ್ನು ಯಾವಾಗ ನೋಡಿದರೆಂದು ಯಾರೂ ಕೇಳುವುದಿಲ್ಲ.

“ಈರುಳ್ಳಿ ರಸ ಆಂಟಿ, ವಾಟ್ಸ್ಆ್ಯಪಲ್ಲಿ ಬಂದಿತ್ತು, ಕಳಿಸ್ತೀನಿ ತಾಳಿ.” ಇದು ಪಕ್ಕದ ಮನೆ.

ಎಣ್ಣೆ ಬಂತು, ಸಾಸಿವೆ ಬಂತು, ಬೆಳ್ಳುಳ್ಳಿ ಬಂತು, ಈರುಳ್ಳಿ ಬಂತು. ಇನ್ನು ಕರಿಬೇವು ಬಿದ್ದರೆ ಕಿವಿಗೆ ಒಗ್ಗರಣೆ ಪೂರ್ತಿಯಾದಂತೆ. ಯಾರ ಕಿವಿ ಗುಂಯ್ ಎನ್ನುತ್ತಿತ್ತೋ ಅವರ ಮಾತನ್ನು ಇಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ.

ಇಲ್ಲಿ ಅಜ್ಜಿಗೆ ನ್ಯಾಯ ಸಲ್ಲಬೇಕು. ಈ ಇಡೀ ಸಭೆಯಲ್ಲಿ ಸತ್ಯಕ್ಕೆ ಹತ್ತಿರವಿರುವವರು ಅವರೇ. ಎಣ್ಣೆ ಗಟ್ಟಿ ಗುಗ್ಗೆಯನ್ನು ಮೆತ್ತಗೆ ಮಾಡುತ್ತದೆ. ಇಂಗ್ಲೆಂಡಿನ ವೈದ್ಯರೂ ಆಲಿವ್ ಎಣ್ಣೆ ಇಲ್ಲವೆ ಬಾದಾಮಿ ಎಣ್ಣೆಯ ಕೆಲವು ಹನಿಗಳನ್ನು ಕೆಲವು ದಿನ ಬಿಡಲು ಹೇಳುತ್ತಾರೆ. ನಮ್ಮ ಅಜ್ಜಿ ಹೇಳಿದರೆ ಅಜ್ಞಾನ, ಲಂಡನ್ನಿನಲ್ಲಿ ಹೇಳಿದರೆ ಮಾರ್ಗಸೂಚಿ. ಆದರೆ ಅಜ್ಜಿ ಬಹಳ ಹಿಗ್ಗುವಂತೆಯೂ ಇಲ್ಲ. 2018ರಲ್ಲಿ ಕೊಕ್ರೇನ್ ಸಂಸ್ಥೆಯ ಪರಿಶೀಲಕರು ಗುಗ್ಗೆ ಹನಿಗಳ ಕುರಿತ 10 ಅಧ್ಯಯನಗಳನ್ನು, 623 ಜನರ ಕಿವಿಗಳನ್ನು, ಒಟ್ಟಿಗೆ ಇಟ್ಟು ತೂಗಿದರು. ಐದು ದಿನ ಹನಿ ಬಿಟ್ಟವರಲ್ಲಿ ಶೇಕಡ 22ರಷ್ಟು ಕಿವಿಗಳು ಪೂರ್ತಿ ತೆರವಾದವು, ಏನೂ ಬಿಡದವರಲ್ಲಿ ಶೇಕಡ 5. ಅದೂ ಒಂದೇ ಅಧ್ಯಯನದ ಲೆಕ್ಕ. ಮದ್ದು ಕೆಲಸ ಮಾಡುತ್ತದೆ ಎಂದು ಕುಣಿಯುವ ಮೊದಲು ಉಳಿದ ಶೇಕಡ 78ರಷ್ಟು ಕಿವಿಗಳನ್ನೂ ನೆನೆಯಬೇಕು. ಯಾವ ಹನಿ ಎಲ್ಲಕ್ಕಿಂತ ಮೇಲು? ಎಣ್ಣೆಯೋ, ಸೋಡವೋ, ಔಷಧಿ ಅಂಗಡಿಯ ದುಬಾರಿ ಸೀಸೆಯೋ? ಗೆದ್ದವರಿಲ್ಲ. ಬರಿ ನೀರು, ಉಪ್ಪುನೀರಿಗಿಂತ ಇವು ಉತ್ತಮ ಎನ್ನಲೂ ಗಟ್ಟಿ ಆಧಾರ ಸಿಗಲಿಲ್ಲ. ಬೆಳ್ಳುಳ್ಳಿ ಆ ಸ್ಪರ್ಧೆಯಲ್ಲೇ ಇರಲಿಲ್ಲ. ಅದು ಕಿವಿಯ ತೆಳು ಚರ್ಮವನ್ನು ಉರಿಸಬಲ್ಲದು, ರಸಂ ಕುಡಿದಷ್ಟು ಸುಖವನ್ನೂ ಕೊಡಲಾರದು.

‘ಎಣ್ಣೆ ಬೆಚ್ಚಗಿರಲಿ’ ಎನ್ನುವಾಗ ಆ ಬೆಚ್ಚಗಿನ ಅಳತೆ ಯಾವುದು ಎಂಬುದು ಇನ್ನೊಂದು ತಕರಾರು. ಬಿಸಿ ಕಾವಲಿಯ ಮೇಲಿನ ರೊಟ್ಟಿಯನ್ನು ಬರಿಗೈಲಿ ಮಗುಚುವವರ ಬೆರಳಿಗೆ ಬೆಚ್ಚಗಿದ್ದದ್ದು ಮೊಮ್ಮಗುವಿನ ತಮಟೆಗೆ ಬೆಚ್ಚಗಿರಬೇಕೆಂದಿಲ್ಲ. ಆದರೂ ಬಾಣಂತಿ ಕೋಣೆಯಲ್ಲಿ ಇಂದಿಗೂ ಎಣ್ಣೆ ನೀರು ಹಾಕುವ ದಿನ ಕೂಸಿನ ಎರಡು ಕಿವಿಗೂ ಎರಡೆರಡು ತೊಟ್ಟು ಬೀಳುತ್ತದೆ. ಕೆಲವೆಡೆ ಎದೆಹಾಲೂ ಬೀಳುತ್ತದೆ. ಕೂಸು ಅಳುತ್ತದೆ. ‘ಕಿವಿ ಬಿಡಿಸ್ತಾ ಇದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಎಣ್ಣೆಗೆ ಇನ್ನೊಬ್ಬ ಅಭಿಮಾನಿ ಇದ್ದಾನೆ, ಬೂಷ್ಟು. ಮಳೆಗಾಲದ ಮಂಗಳೂರಿನಲ್ಲಿ, ಆಗುಂಬೆಯಲ್ಲಿ, ಗೋಡೆ, ಚಪ್ಪಲಿ, ಮದುವೆ ಸೀರೆ ಎಲ್ಲದರ ಮೇಲೂ ಬೆಳೆಯುವ ಬೂಷ್ಟು ತೇವದ ಎಣ್ಣೆಗಿವಿಯನ್ನು ಏಕೆ ಬಿಟ್ಟೀತು? ಶಿಲೀಂಧ್ರ ಬೆಳೆದ ಕಿವಿಯ ಒಳಗು ‘ಒದ್ದೆಯಾದ ವೃತ್ತಪತ್ರಿಕೆ’ಯ ಥರ ಕಾಣುತ್ತದೆಂದು ವೈದ್ಯಕೀಯ ಪಠ್ಯಗಳೇ ವರ್ಣಿಸುತ್ತವೆ. ಪತ್ರಿಕೆಗೆ ಬರೆದು ಬದುಕುವವನಾಗಿ ನನಗೆ ಈ ವರ್ಣನೆಯ ಬಗ್ಗೆ ಬೇಸರವಿದೆ, ಆದರೆ ವೃತ್ತಪತ್ರಿಕೆಯಲ್ಲಿ ಬರುವ ಆರೋಗ್ಯ ಅಂಕಣಗಳನ್ನು ನೆನೆದರೆ ವಾದಿಸಲು ಬಾಯಿ ಬರುವುದಿಲ್ಲ.

ಹಾಗೆಂದು ‘ಇದೆಲ್ಲ ಆಯುರ್ವೇದದಲ್ಲಿದೆ’ ಎನ್ನುವವರನ್ನು ಬರಿಗೈಯಲ್ಲಿ ಕಳಿಸಲಾಗದು. ಇದೆ. ಗುಗ್ಗೆ ಕಟ್ಟಿಕೊಳ್ಳುವುದನ್ನು ಸುಶ್ರುತ ಸಂಹಿತೆ ಕರ್ಣಗೂಥ ಎಂದು ಹೆಸರಿಸಿದೆ. ಎಣ್ಣೆಯಿಂದ ನೆನೆಸಿ, ಶಾಖ ಕೊಟ್ಟು ಕರಗಿಸಿ, ಶಲಾಕೆಯಿಂದ ತೆಗೆಯಬೇಕೆಂದೂ ಹೇಳಿದೆ. ಇಂದಿನ ಆಸ್ಪತ್ರೆಯ ಕ್ರಮವೂ ಮೂಲದಲ್ಲಿ ಇದೇ. ಆದರೆ ಅಲ್ಲಿ ಶಲಾಕೆ ಹಿಡಿಯುವವನು ವೈದ್ಯ ಎಂದು ಸುಶ್ರುತ ಸ್ಪಷ್ಟವಾಗಿ ಹೇಳಿದ್ದಾನೆ. ಚಿಕ್ಕಪ್ಪನ ಪ್ರಸ್ತಾಪ ಇಲ್ಲ.

ಗುಗ್ಗೆಯೇ ಮನೆಮದ್ದಾಗಿದ್ದ ಕಾಲವೂ ಒಂದಿತ್ತು. ಅಮೆರಿಕದ ಲಿಡಿಯಾ ಮರಿಯಾ ಚೈಲ್ಡ್ ಎಂಬ ಲೇಖಕಿ 19ನೇ ಶತಮಾನದಲ್ಲಿ ಬರೆದ, ಮನೆಮನೆಯಲ್ಲೂ ಓದುತ್ತಿದ್ದ ಮಿತವ್ಯಯದ ಗೃಹಕೃತ್ಯದ ಪುಸ್ತಕದಲ್ಲಿ ಒಡೆದ ತುಟಿಗೂ ಮೊಳೆ ಚುಚ್ಚಿದ ಗಾಯಕ್ಕೂ ಗುಗ್ಗೆ ಹಚ್ಚಲು ಸಲಹೆಯಿದೆ. ಇದು ಇನ್ನೂ ನಮ್ಮ ವಾಟ್ಸ್ಆ್ಯಪಿಗೆ ಬಂದಂತಿಲ್ಲ. ನಾನೇ ಹೇಳಿ ಕೆಡಿಸಿದೆನೇನೋ.

ಯೂಟ್ಯೂಬಿನ ಮದ್ದು ಬೇರೆ, ಅಲ್ಲಿ ನೊರೆ ಬರಬೇಕು. ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟೊಡನೆ ಕಿವಿಯೊಳಗೆ ಚುರುಚುರು ಸದ್ದು. ಗುಗ್ಗೆ ಸಾಯುತ್ತಿದೆ ಎಂದು ನೋಡುಗರಿಗೆ ರೋಮಾಂಚನ. ಜೀವಕೋಶಗಳಲ್ಲಿರುವ ಒಂದು ಕಿಣ್ವ ಪೆರಾಕ್ಸೈಡನ್ನು ಒಡೆದಾಗ ಆಮ್ಲಜನಕ ಬಿಡುಗಡೆಯಾಗಿ ನೊರೆ ಬರುತ್ತದೆ, ಅಷ್ಟೇ. ತೀರಾ ನೀರಾಗಿಸಿದ ಪೆರಾಕ್ಸೈಡ್ ಗುಗ್ಗೆ ಮೆತ್ತಗಾಗಲು ನೆರವಾಗುವುದು ನಿಜ, ಮೇಲಿಂದ ಮೇಲೆ ಬಿಟ್ಟರೆ ಚರ್ಮ ಕೆರಳುವುದೂ ನಿಜ. ನಮ್ಮ ವೈದ್ಯರು ಬಹಳ ಹಿಂದಿನಿಂದ ಬರೆದುಕೊಡುವ ಸೋಡಾ ಗ್ಲಿಸರಿನ್ ಹನಿ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಸದ್ದಿಲ್ಲದ್ದಕ್ಕೆ ಯಾರು ಲೈಕ್ ಒತ್ತುತ್ತಾರೆ?

ಇನ್ನು ನೀರು ಹೊಡೆಯುವವರು. ಸ್ನಾನದ ಮನೆಯ ಹ್ಯಾಂಡ್ ಶವರನ್ನು ಕಿವಿಗೆ ಹಿಡಿಯುವ ವೀರರಿದ್ದಾರೆ, ಸೂಜಿ ತೆಗೆದ ಸಿರಿಂಜಿಗೆ ನಲ್ಲಿ ನೀರು ತುಂಬುವವರಿದ್ದಾರೆ. ತಣ್ಣೀರು ಬಿದ್ದರೆ ತಲೆ ಗಿರ್ರೆಂದು ತಿರುಗುತ್ತದೆ. ಪಕ್ಕದ ಒಳಗಿವಿಯಲ್ಲಿ ಸಮತೋಲ ಕಾಯುವ ದ್ರವ ಬಿಸಿ-ತಂಪಿಗೆ ಕದಲುತ್ತದೆ. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ವೈದ್ಯ ಕಿವಿ ತೊಳೆಯುವಾಗ ರೋಗಿಗಳಿಗೆ ಹೀಗೆ ತಲೆಸುತ್ತು ಬರುವುದನ್ನು ಗಮನಿಸಿ, ಅದರ ಜಾಡು ಹಿಡಿದು, 1914ರ ನೊಬೆಲ್ ಪಡೆದ. ಪ್ರಶಸ್ತಿಯ ಸುದ್ದಿ ಬಂದಾಗ ಆತ ರಷ್ಯನ್ನರ ಯುದ್ಧಕೈದಿಯಾಗಿದ್ದ. ಒಂದೇ ಪ್ರಯೋಗವನ್ನು ಬಾರಾನಿ ಮಾಡಿದಾಗ ನೊಬೆಲ್ ಬರುತ್ತದೆ, ಬಚ್ಚಲಿನಲ್ಲಿ ನಾವು ಮಾಡಿದಾಗ ಸೊಂಟ ಮುರಿಯುತ್ತದೆ. ನೀರಿಗೆ ಇನ್ನೊಂದು ಚಾಳಿಯೂ ಇದೆ: ಒಣಗಿದ ಗುಗ್ಗೆ ನೀರು ಕುಡಿದು ಉಬ್ಬುತ್ತದೆ. ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಬಂದವರಿಗೆ ಪಟಾಕಿ ಸದ್ದು ಕೇಳಿಸದಿದ್ದರೆ ಊರು ಸುಧಾರಿಸಿತೆಂದು ತಿಳಿಯಬೇಕಾಗಿಲ್ಲ.

ಕಾಸಿದ್ದವರ ಮನೆಮದ್ದು ಎಂದರೆ ಇಯರ್ ಕ್ಯಾಂಡಲ್. ನಗರದ ಸ್ಪಾಗಳಲ್ಲಿ ಮೇಣ ಹಚ್ಚಿದ ಬಟ್ಟೆಯ ಟೊಳ್ಳು ಕೊಳವೆಯನ್ನು ಕಿವಿಗೆ ಚುಚ್ಚಿ, ಮೇಲ್ತುದಿಗೆ ಬೆಂಕಿ ಹಚ್ಚಿ, ಹಿನ್ನೆಲೆಯಲ್ಲಿ ಕೊಳಲು ಬಾರಿಸುತ್ತಾರೆ. ಉರಿದು ಮುಗಿದ ಮೇಲೆ ಕೊಳವೆ ಸೀಳಿ ಒಳಗಿನ ಕಂದು ಪುಡಿಯನ್ನು ತೋರಿಸಿ, ‘ನೋಡಿ ಮೇಡಂ, ಎಷ್ಟಿತ್ತು’ ಎನ್ನುತ್ತಾರೆ. 1996ರಲ್ಲಿ ಅಮೆರಿಕದ ವೈದ್ಯರು ಇದನ್ನು ಅಳೆದು ನೋಡಿದರು. ಗುಗ್ಗೆಯನ್ನು ಮೇಲೆಳೆಯುವ ಸೆಳೆತವೇ ಹುಟ್ಟುವುದಿಲ್ಲ, ಕಂದು ಪುಡಿ ಮೇಣದಬತ್ತಿಯದ್ದೇ, ಕೆಲವರ ಕಿವಿಯೊಳಕ್ಕೆ ಹೊಸದಾಗಿ ಮೇಣ ತೊಟ್ಟಿಕ್ಕಿತ್ತು. ಅವರು ವಿಚಾರಿಸಿದ 122 ಕಿವಿ ವೈದ್ಯರು 21 ಗಾಯದ ಪ್ರಕರಣಗಳನ್ನು ಹೇಳಿದರು. ಇದು ಅಮೆರಿಕದ ಹೋಪಿ ಬುಡಕಟ್ಟಿನವರ ಪುರಾತನ ವಿದ್ಯೆ ಎಂದು ಪ್ರಚಾರವಿತ್ತು. ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೋಪಿಗಳೇ ಹೇಳಿಬಿಟ್ಟರು. ಕಿವಿಯ ಮೇಲೆ ಹೂವಿಡುವುದನ್ನು ನಾವು ಕಂಡಿದ್ದೆವು, ಬೆಂಕಿಯಿಡುವುದು ಸುಧಾರಿತ ಆವೃತ್ತಿ.

ಇವರಿಗೆ ಹೋಲಿಸಿದರೆ ಬೀದಿಯ ಕಾನ್ ಸಾಫ್‌ವಾಲಾನೇ ವಾಸಿ ಎನಿಸುತ್ತದೆ. ದೆಹಲಿ, ಮುಂಬಯಿಯ ಬಯಲುಗಳಲ್ಲಿ ಕೆಂಪು ಪೇಟ ಸುತ್ತಿ, ಅದಕ್ಕೆ ಸೂಜಿ ಸಿಕ್ಕಿಸಿಕೊಂಡು ಓಡಾಡುವವರು ಇವರು. ಬಗಲಲ್ಲಿ ಒಂದು ಪುಸ್ತಕ. ಅದರ ತುಂಬ ‘ಅದ್ಭುತ, ಈಗ ಎಲ್ಲ ಕೇಳಿಸುತ್ತಿದೆ’ ಎಂದು ವಿದೇಶಿ ಪ್ರವಾಸಿಗರ ಕೈಬರಹದ ಪ್ರಶಂಸೆ. ಆನ್‌ಲೈನ್ ರೇಟಿಂಗನ್ನು ಕಂಡುಹಿಡಿದವರು ಇವರೇ ಇರಬೇಕು. ಇವರಲ್ಲಿ ಕೈಚಳಕದವರು ನಿಮ್ಮ ಕಿವಿಯಿಂದ ಸಣ್ಣ ಕಲ್ಲೊಂದನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸುತ್ತಾರೆ. ಇನ್ನೊಂದು ಕಿವಿಯ ಕಲ್ಲಿಗೆ ದರ ಬೇರೆ. ಆ ಕಲ್ಲು ಅವರ ಬೆರಳ ಸಂದಿಯಿಂದ ಬಂದದ್ದೆಂದು ಗಿರಾಕಿಗೆ ಹೊಳೆಯುವ ಹೊತ್ತಿಗೆ ಪೇಟ ಮುಂದಿನ ಬೆಂಚಿನ ಹತ್ತಿರ ಇರುತ್ತದೆ.

ಈಗಿನ ಕೈಚಳಕ ಅಂಗೈಯಲ್ಲಿಲ್ಲ, ಮೊಬೈಲಿನಲ್ಲಿದೆ. ತುದಿಗೆ ಕ್ಯಾಮೆರಾ ಇರುವ ಕಿವಿಕಡ್ಡಿ ಆನ್‌ಲೈನಿನಲ್ಲಿ ಸಿಗುತ್ತದೆ. ನಿಮ್ಮ ಕಿವಿಯನ್ನು ನೀವೇ ಪರದೆಯ ಮೇಲೆ ನೋಡುತ್ತ ಅಗೆಯಬಹುದು. ಕ್ಯಾಮೆರಾ ಚಪ್ಪಟೆ ಚಿತ್ರ ತೋರಿಸುತ್ತದೆ, ಆಳ ತೋರಿಸುವುದಿಲ್ಲ. ತಮಟೆ ಇನ್ನೂ ದೂರವಿದೆ ಎನ್ನಿಸುವಾಗಲೇ ತಟ್ಟುತ್ತದೆ. ತೆಗೆದ ವಿಡಿಯೊವನ್ನು ಕುಟುಂಬದ ಗುಂಪಿಗೆ ಹಾಕುವವರೂ ಇದ್ದಾರೆ. ಬೆಳಗಿನ ಶುಭೋದಯ ಸಂದೇಶ, ದೇವರ ಪಟ, ಅದರ ಕೆಳಗೆ ಭಾವನ ಎಡಗಿವಿ.

ಇದನ್ನೆಲ್ಲ ನೋಡಿದಾಗ ನೆನಪಾಗುವುದು ಒಂದು ನೀಲಿ ತಿಮಿಂಗಿಲ. 2007ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಹಡಗು ಬಡಿದು ಸತ್ತಿತು. ಅದರ ಕಿವಿಯಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದದ ಗುಗ್ಗೆಯ ಬಿರಡೆ ಇತ್ತು. ವಿಜ್ಞಾನಿಗಳು ಅದನ್ನು ಪದರ ಪದರವಾಗಿ ಬಿಡಿಸಿ, ಅದರ 12 ವರ್ಷದ ಬಾಳಿನಲ್ಲಿ ಯಾವಾಗ ಪ್ರಾಯಕ್ಕೆ ಬಂತು, ಯಾವಾಗ ಒತ್ತಡಕ್ಕೆ ಸಿಕ್ಕಿತು, ತಾಯಿಹಾಲಿನ ಮೂಲಕ ಎಷ್ಟು ಡಿಡಿಟಿ ಒಳಗಾಯಿತು ಎಂಬುದನ್ನೆಲ್ಲ ಓದಿ 2013ರಲ್ಲಿ ಪ್ರಕಟಿಸಿದರು. ಒಂದು ಜೀವದ ಚರಿತ್ರೆಯೇ ಅಲ್ಲಿತ್ತು. ನಮ್ಮ ಚರಿತ್ರೆ ಬೆಂಕಿಕಡ್ಡಿಯ ತುದಿಯಲ್ಲಿ ಹೋಗಿ ಹೋಟೆಲಿನ ಟೇಬಲ್ಲಿನ ಕೆಳಗೆ ಒರಸಿಹೋಗಿರುತ್ತದೆ.

ಹಾಗಾದರೆ ಗುಗ್ಗೆಯ ತೊಂದರೆ ಎಂಬುದೇ ಇಲ್ಲವೆ? ಖಂಡಿತ ಇದೆ. ಅಮೆರಿಕದ ಕಿವಿ ವೈದ್ಯರ 2017ರ ಮಾರ್ಗಸೂಚಿಯ ಪ್ರಕಾರ ಹತ್ತು ಮಕ್ಕಳಲ್ಲಿ ಒಂದಕ್ಕೆ, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ, ಮುದುಕರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಗುಗ್ಗೆ ಅತಿಯಾಗುತ್ತದೆ ಇಲ್ಲವೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಶ್ರವಣಯಂತ್ರ ಹಾಕುವವರಿಗೆ ಇನ್ನೂ ಕಾಟ. ‘ತಾತನಿಗೆ ಮರೆವು ಬಂತು, ಮಾತೇ ಆಡಲ್ಲ’ ಎಂದು ಮನೆಯವರು ಕಣ್ಣೀರಿಡುವಾಗ, ತಾತನಿಗೆ ಬರೀ ಕಿವಿ ಕಟ್ಟಿರುವುದೂ ಉಂಟು. ತೊಂದರೆಯೇ ಇಲ್ಲದ ಕಿವಿಗೆ ಮಾತ್ರ ಏನನ್ನೂ ಮಾಡಬೇಡಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮೊಣಕೈಗಿಂತ ಚಿಕ್ಕದಾದ ಯಾವುದನ್ನೂ ಕಿವಿಗೆ ಹಾಕಬೇಡಿ ಎಂಬುದು ಆ ದೇಶದ ವೈದ್ಯರ ಹಳೆಯ ಜೋಕು. ನಮ್ಮಲ್ಲಿ ಯಾರಾದರೂ ಪ್ರಯತ್ನಿಸಿ ನೋಡಿಯೇ ಇರುತ್ತಾರೆ.

‘ಏನನ್ನೂ ಮಾಡಬೇಡಿ’ ಎಂಬ ಚಿಕಿತ್ಸೆಗೆ ಬೇಡಿಕೆ ಇಲ್ಲದಿರುವುದೇ ಇಲ್ಲಿನ ನಿಜವಾದ ರೋಗ. ಫೀಸು ಕೊಟ್ಟು, ಟೋಕನ್ ಹಿಡಿದು ಕೂತವನಿಗೆ ‘ನಿಮ್ಮ ಕಿವಿ ಚೆನ್ನಾಗಿದೆ, ಮುಟ್ಟಬೇಡಿ’ ಎಂದು ಹೇಳಿದರೆ ಆತ ಡಾಕ್ಟರು ದಡ್ಡ ಎಂದುಕೊಂಡೇ ಹೊರಬೀಳುತ್ತಾನೆ. ಅದು ಗೊತ್ತಿರುವ ಡಾಕ್ಟರು ಒಂದು ಹನಿಯ ಸೀಸೆ ಬರೆದುಕೊಡುತ್ತಾರೆ. ನಿಜವಾಗಿ ಕಟ್ಟಿದ್ದರೆ ಅವರು ದೀಪದ ಬೆಳಕಿನಲ್ಲಿ ನೋಡಿಕೊಂಡು ಹೀರುಕೊಳವೆಯಿಂದಲೋ ಕೊಕ್ಕೆಯಿಂದಲೋ ಕೆಲವೇ ನಿಮಿಷಗಳಲ್ಲಿ ತೆಗೆದುಬಿಡುತ್ತಾರೆ. ತಿಂಗಳುಗಟ್ಟಲೆ ನಡೆದ ಕುಟುಂಬದ ಚರ್ಚೆ ಇಷ್ಟು ಬೇಗ ಮುಗಿದುಹೋದರೆ ಮನೆಯವರಿಗೆ ಬೇಸರ ಬಾರದಿರುತ್ತದೆಯೆ?

ನನ್ನ ತೀರ್ಪು ಹೀಗೆ. ಕಿವಿಯಲ್ಲಿ ನೋವು, ಸೋರುವಿಕೆ, ತಮಟೆಯ ತೂತು, ಹಿಂದೆ ಆದ ಆಪರೇಷನ್ ಯಾವುದೂ ಇಲ್ಲದ ದೊಡ್ಡವರು, ಕಿವಿ ಕಟ್ಟಿದೆ ಅನ್ನಿಸಿದರೆ, ಮೈಯಷ್ಟೇ ಬೆಚ್ಚಗಿನ ಶುದ್ಧ ಎಣ್ಣೆಯನ್ನೋ ಔಷಧಿ ಅಂಗಡಿಯ ಹನಿಯನ್ನೋ ಕೆಲವು ದಿನ ಬಿಟ್ಟು ನೋಡಬಹುದು. ಬೆಳ್ಳುಳ್ಳಿಯನ್ನು ಅಡುಗೆಗೆ ಉಳಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಕಡ್ಡಿಯೂ ಬೇಡ, ಮನೆಯಲ್ಲಿ ನೀರು ಹೊಡೆಯುವುದೂ ಬೇಡ. ಅವರ ಕಿವಿಯ ಗೀರು ಮೂಳೆಯ ಸೋಂಕಾಗಿ ಜೀವಕ್ಕೇ ಕುತ್ತು ತರಬಲ್ಲದು. ಇನ್ನೊಂದನ್ನು ಮಾತ್ರ ತಮಾಷೆ ಬಿಟ್ಟು ಹೇಳಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ಗುಗ್ಗೆಯೇ ಆಗಿರಬೇಕೆಂದಿಲ್ಲ. ಒಳಗಿವಿಯ ನರವೇ ಕೈಕೊಟ್ಟಿರಬಹುದು. ಅದಕ್ಕೆ ಔಷಧಿ ಇದೆ, ಆದರೆ ಮೊದಲ ಕೆಲವು ದಿನಗಳಲ್ಲಿ ಕೊಟ್ಟರಷ್ಟೇ ಹೆಚ್ಚು ಫಲ. ಹಾಗೆ ಹೋದ ಕಿವಿಗೆ ‘ಗುಗ್ಗೆ ಇರ್ಬೇಕು, ನೋಡೋಣ’ ಎಂದು ಮೂರು ವಾರ ಎಣ್ಣೆ ಬಿಟ್ಟು ಬಂದವರಿಗೆ ವೈದ್ಯರು ಮಾಡಬಹುದಾದದ್ದು ಬಹಳ ಉಳಿದಿರುವುದಿಲ್ಲ. ಆ ದಿನ ದಯವಿಟ್ಟು ಒಲೆ ಹಚ್ಚಬೇಡಿ, ಆಟೋ ಹಿಡಿಯಿರಿ.